ಗೆಳೆಯನಿಗೊಂದು ಪತ್ರ: ಅಮ್ಮಂಗೆ ನಾಯಿಮರಿ ತರೋಕ್ ಮುಂಚೆ

ಪ್ರೀತಿಯ ರಾಘು,

ನಿನ್ನೆ ರಾತ್ರಿ ಫೋನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ರ ಕೊಡ್ಲಿಲ್ಲ, ಕೊಟ್ಟಿಗೇಲಿ ನಿಂತಿದ್ದೆ, ಮಳೆ ಬೇರೆ, ಅರ್ಧ ಮಾತು ಕೇಳಿಸ್ಲೇ ಇಲ್ಲ. ಅಮ್ಮ ಊಟ ಅರ್ಧಕ್ಕೇ ಬಿಡ್ತಾರೆ, ಟಿವಿ ಹಾಕಿಟ್ರೂ ಅದ್ರ ಕಡೆ ನೋಡಲ್ಲ, ಬಾಲ್ಕನೀಲಿ ಕೂತ್ರೆ ಕೂತೇ ಇರ್ತಾರೆ, ಒಂದು ಲ್ಯಾಬ್ರಡಾರ್ ಮರಿ ತಂದ್ಕೊಟ್ರೆ ಹೆಂಗೆ, ಪ್ರಾಣಿ ಜೊತೆ ಇದ್ರೆ ಮನಸ್ಸಿಗೆ ಒಳ್ಳೇದಂತಲ್ಲ ಅಂತ ಕೇಳಿದ್ದೆ ನೀನು. ಒಳ್ಳೇದು ಹೌದು ಮಾರಾಯ. ಆದ್ರೆ ಮರಿ ತರೋಕ್ ಮುಂಚೆ ಒಂದು ವಿಷ್ಯ ಹೇಳ್ಬೇಕು, ರಾತ್ರಿಯೆಲ್ಲ ಅದೇ ತಲೇಲಿತ್ತು.

ಫೆಬ್ರವರೀಲಿ ಅಪ್ಪ ಹೋದ್ಮೇಲೆ ನೀನು ಮಗನಾಗಿ ಮಾಡ್ಬೇಕಾದ್ದೆಲ್ಲ ಮಾಡ್ದೆ, ವೈಕುಂಠ ಸಮಾರಾಧನೆ ಮುಗ್ಸಿ ಅಮ್ಮನ್ನ ಒಬ್ರೇ ಬಿಡಬಾರ್ದು ಅಂತ ಬೆಂಗ್ಳೂರಿಗೆ ಕರ್ಕೊಂಡು ಹೋದೆ, ಅದ್ರಲ್ಲಿ ತಪ್ಪೇನಿಲ್ಲ. ಹೋಗೋ ಹಿಂದಿನ ದಿನ ಎರಡು ದನಾನೂ ಕೊಟ್ಬಿಟ್ವಲ್ಲ, ನೆನಪಿದೆಯಾ? ಪಿಕಪ್‌ಗೆ ಹತ್ತಿಸೋವಾಗ ಹಗ್ಗ ಹಿಡ್ದೋನು ನಾನೇ. ಅಮ್ಮ ಒಳಗಿಂದ ಎರಡು ಬಾಳೆಹಣ್ಣು ತಂದ್ರು, ಎರಡಕ್ಕೂ ಒಂದೊಂದು ತಿನ್ಸಿದ್ರು, ಕೈ ಸೆರಗಿಗೆ ಒರೆಸ್ಕೊಂಡು ಒಳಗೆ ಹೋದೋರು ಗಾಡಿ ಹೋಗೋ ತನಕ ಹೊರಗೆ ಬರ್ಲೇ ಇಲ್ಲ. ಅಪ್ಪ ಹೋಗಿದ್ದಕ್ಕೆ ಊರೆಲ್ಲ ಬಂದು ಮಾತಾಡ್ಸಿದ್ರು, ದನ ಹೋಗಿದ್ದಕ್ಕೆ ಯಾರೂ ಮಾತಾಡ್ಸಲಿಲ್ಲ, ನಾನೂ ಮಾತಾಡ್ಸಲಿಲ್ಲ. ನಲವತ್ತು ವರ್ಷ ಬೆಳಗಿನ ಜಾವ ಎದ್ದು ಮೊದ್ಲು ಕೊಟ್ಟಿಗೆ ಕಡೆ ಹೋಗ್ತಿದ್ದ ಹೆಂಗಸು ಈಗ ಒಂಬತ್ತನೇ ಮಹಡೀಲಿ ಅದೇ ಹೊತ್ತಿಗೆ ಎಚ್ಚರ ಆಗಿ ಏನು ಮಾಡ್ಬೇಕು ಹೇಳು.

ಇದು ನಂಗೆ ಯಾಕೆ ಇಷ್ಟು ತಾಗ್ತಿದೆ ಅಂದ್ರೆ, ನಾನೂ ಒಂದ್ಸಲ ಹಂಗೆ ಕೂತೋನು. 2022ರ ಮಳೆಗಾಲ. ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಮರದ ಸೋಗೆ ಎಲ್ಲ ಸುಟ್ಟ ಹಂಗೆ ಆಗಿತ್ತು, ಮೇಲೆ ಸಾಲ, ಎರಡು ಸಲ ಔಷಧಿ ಹೊಡೆಸಿದ ದುಡ್ಡೂ ನೀರಿಗೆ ಹಾಕಿದ ಹಂಗೆ. ರಾತ್ರಿ ನಿದ್ದೆ ಇಲ್ಲ, ಹಗಲು ಏಳೋಕೆ ಮನಸ್ಸಿಲ್ಲ. ನಿಂಗೆ ಆಗ ಹೇಳಿರ್ಲಿಲ್ಲ, ಯಾರಿಗೂ ಹೇಳಿರ್ಲಿಲ್ಲ. ಹೆಂಡ್ತಿ ಹಟ ಮಾಡಿ ಶಿವಮೊಗ್ಗದಲ್ಲಿ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ಲು, ಮಾತ್ರೆ ಶುರು ಆಯ್ತು. ಡಾಕ್ಟ್ರು ದಿನಾ ಏನೇನು ಮಾಡ್ತೀರಿ ಅಂತ ಕೇಳಿದ್ರು, ಏನೂ ಇಲ್ಲ ಸಾರ್, ಒಂದು ಹಸು ಇದೆ, ಹಾಲು ಕರೀತೀನಿ, ಅದನ್ನೂ ಹೆಂಡ್ತಿಗೆ ಬಿಟ್ಬಿಡೋಣ ಅಂತಿದೀನಿ ಅಂದೆ. ಅವ್ರು ಪೆನ್ ಕೆಳಗಿಟ್ಟು, ಬೇರೆ ಏನು ಬೇಕಾದ್ರೂ ಬಿಡಿ, ಅದೊಂದು ಬಿಡ್ಬೇಡಿ ಅಂದ್ರು.

ನಮ್ಮ ಹಸು ಕೆಂಪಿ ನಿಂಗೆ ಗೊತ್ತಲ್ಲ, ಮಲೆನಾಡು ಗಿಡ್ಡ ತಳಿ, ಒಂದೊತ್ತಿಗೆ ಒಂದು ಲೀಟರ್ ಸಿಕ್ರೆ ಹೆಚ್ಚು. ಆ ದಿನಗಳಲ್ಲಿ ನಾನು ಬೆಳಗ್ಗೆ ಹೋಗಿ ಗಡಿಬಿಡೀಲಿ ಕರು ಬಿಟ್ಟು, ಎಳೆದು ಕಟ್ಟಿ, ಕೆಚ್ಚಲಿಗೆ ನೀರು ಎರಚಿ ಕೂತ್ರೆ ಹಾಲು ಮೇಲೆಳ್ಕೊಂಡು ಬಿಡ್ತಿತ್ತು. ತಂಬಿಗೆ ತಳ ಮುಚ್ಚೋ ಅಷ್ಟೂ ಇಲ್ಲ. ಬೈದ್ರೆ ಇನ್ನೂ ಇಲ್ಲ. ಒಂದು ದಿನ ಸುಸ್ತಾಗಿ ತಂಬಿಗೆ ಪಕ್ಕಕ್ಕಿಟ್ಟು ಸುಮ್ನೆ ಅದ್ರ ಹೊಟ್ಟೆಗೆ ಹಣೆ ಒರಗಿಸ್ಕೊಂಡು ಕೂತೆ. ಹಸುವಿನ ಮೈ ನಮ್ಮ ಮೈಗಿಂತ ಒಂದೂವರೆ ಡಿಗ್ರಿ ಬಿಸಿ ಇರುತ್ತೆ, ಆ ಥಂಡೀಲಿ ಅದು ಹೆಂಗನ್ಸುತ್ತೆ ಅಂತ ಕೂತೋನಿಗೇ ಗೊತ್ತು. ಒಳಗೆ ಮೆಲುಕು ಹಾಕೋ ಸದ್ದು, ಒಂದು ಉಂಡೆ ಗಂಟಲಿಂದ ಇಳಿಯೋದು, ಸ್ವಲ್ಪ ತಡೆದು ಇನ್ನೊಂದು ಮೇಲೆ ಬರೋದು. ಕೈ ತನ್ನಷ್ಟಕ್ಕೆ ಕತ್ತಿನ ಕೆಳಗೆ ಜೋಲೋ ಗಂಗೆದೊಗಲಿಗೆ ಹೋಗಿ ತುರಿಸ್ತಾ ಇತ್ತು, ಕೆಂಪಿ ಕತ್ತು ಉದ್ದ ಮಾಡಿ ಕಣ್ಣು ಅರ್ಧ ಮುಚ್ಚಿದ್ಲು. ಎಷ್ಟೊತ್ತು ಕೂತಿದ್ನೋ, ಆಮೇಲೆ ಮೊಲೆಗೆ ಕೈ ಹಾಕಿದ್ರೆ ಸೊರೆ ಬಿಟ್ಟಿದ್ಲು, ಅಂದ್ರೆ ಹಾಲು ಇಳಿಸಿದ್ಲು, ತಂಬಿಗೇಲಿ ನೊರೆ ಎದ್ದಿತ್ತು. ನಾನು ಅವತ್ತು ಅಲ್ಲೇ ಅತ್ತೆ ರಾಘು. ತಿಂಗಳುಗಟ್ಲೆ ಆದ್ಮೇಲೆ ಅಳು ಬಂದಿದ್ದು ಅವತ್ತೇ.

ಆಮೇಲೆ ಓದ್ಕೊಂಡೆ. ಹಸು ಸೊರೆ ಬಿಡೋದು ಆಕ್ಸಿಟೋಸಿನ್ ಅನ್ನೋ ಹಾರ್ಮೋನಿಂದ, ಕರು ಬಾಯಿ ಹಾಕಿದಾಗ ಅದು ರಕ್ತಕ್ಕೆ ಬರುತ್ತೆ, ಹಸು ಹೆದರಿದ್ರೆ ಅಡ್ರಿನಲಿನ್ ಬಂದು ಅದನ್ನ ತಡೆಯುತ್ತೆ. ತಾಯಿ ಮಗೂಗೆ ಹಾಲು ಕುಡಿಸುವಾಗಲೂ ಇದೇ ಹಾರ್ಮೋನು. 2015ರಲ್ಲಿ ಜಪಾನಿನವರು ಸೈನ್ಸ್ ಪತ್ರಿಕೇಲಿ ಬರೆದಿದ್ರು, ನಾಯಿ ಮತ್ತೆ ಅದನ್ನ ಸಾಕಿದೋರು ಒಬ್ರನ್ನೊಬ್ರು ತುಂಬಾ ಹೊತ್ತು ನೋಡ್ತಾ ಇದ್ರೆ ಇಬ್ರಲ್ಲೂ ಆಕ್ಸಿಟೋಸಿನ್ ಏರುತ್ತೆ ಅಂತ. ನಂಗೆ ಈ ಲೆಕ್ಕಕ್ಕಿಂತ ಹೆಚ್ಚು ಅರ್ಥ ಆಗಿದ್ದು ಬೇರೆ. ಕೆಂಪಿ ಮುಂದೆ ನಾನು ಸಮಾಧಾನವಾಗಿದೀನಿ ಅಂತ ನಾಟಕ ಮಾಡೋಕೆ ಆಗ್ತಿರ್ಲಿಲ್ಲ, ನಿಜವಾಗ್ಲೂ ಉಸಿರು ನಿಧಾನ ಆಗ್ಬೇಕಿತ್ತು, ಆಗ್ಲೇ ಹಾಲು. ಜನ ನನ್ನ ಸಮಾಧಾನ ಮಾಡೋಕೆ ಬರ್ತಿದ್ರು, ಇಲ್ಲಿ ನಾನೇ ಒಂದು ಜೀವನ್ನ ದಿನಕ್ಕೆ ಎರಡು ಸಲ ಸಮಾಧಾನ ಮಾಡ್ಬೇಕಿತ್ತು.

ನೀನು ಇಂಜಿನಿಯರ್ರು, ಬರೀ ನನ್ನ ಕಥೆ ನಂಬಲ್ಲ ಅಂತ ಗೊತ್ತು, ಅದಕ್ಕೆ ಇನ್ನೊಂದು ಹೇಳ್ತೀನಿ. ನಾರ್ವೆಯಲ್ಲಿ ಮಾನಸಿಕ ಕಾಯಿಲೆ ಇದ್ದ 90 ಜನರ ಮೇಲೆ ಒಂದು ಅಧ್ಯಯನ ಮಾಡಿದ್ರು, 2008ರಲ್ಲಿ ಪ್ರಕಟ ಆಯ್ತು. ಚೀಟಿ ಎತ್ತಿದ ಹಂಗೆ 60 ಜನನ್ನ ಆರಿಸಿ ರೈತರ ಮನೆಗೆ ಕಳ್ಸಿದ್ರು, ವಾರಕ್ಕೆ 2 ಸಲ, ಒಂದ್ಸಲಕ್ಕೆ 3 ಗಂಟೆ, 12 ವಾರ, ಹೆಚ್ಚಾಗಿ ದನಗಳ ಜೊತೆ ಕೆಲಸ. ಉಳಿದ 30 ಜನಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. 12 ವಾರ ಮುಗಿದಾಗ ಅಂಥಾ ವ್ಯತ್ಯಾಸ ಏನೂ ಕಾಣಿಸ್ಲಿಲ್ಲ, ಆದ್ರೆ 6 ತಿಂಗಳು ಬಿಟ್ಟು ಮತ್ತೆ ಕೇಳಿದಾಗ ದನದ ಕೆಲಸ ಮಾಡಿದೋರಲ್ಲಿ ‘ನನ್ನ ಕೈಲಾಗುತ್ತೆ’ ಅನ್ನೋ ಧೈರ್ಯ ಹೆಚ್ಚಿತ್ತು. ಇದ್ರಲ್ಲಿ ಎರಡು ವಿಷ್ಯ ನೋಡು, ಒಂದು, ಅವ್ರು ಮುದ್ದು ಮಾಡೋಕೆ ಹೋದೋರಲ್ಲ, ಕೆಲಸ ಮಾಡೋಕೆ ಹೋದೋರು. ಇನ್ನೊಂದು, ತಕ್ಷಣಕ್ಕೆ ಏನೂ ಕಾಣ್ಲಿಲ್ಲ. ನೀನು ಮರಿ ತಂದು ಎರಡು ವಾರಕ್ಕೆ ಅಮ್ಮ ನಗ್ಲಿಲ್ಲ ಅಂತ ಬೇಜಾರು ಮಾಡ್ಕೊಂಡು ಕೂರಬಾರ್ದು ಅಂತ ಇದನ್ನ ಹೇಳ್ತಿದೀನಿ.

ಹಾಗಂತ ನಾಯಿಂದ ಆಗಲ್ಲ ಅಂತಲ್ಲ. ಈ ಥೆರಪಿ ಡಾಗ್, ಅಂದ್ರೆ ಮನಸ್ಸಿಗೆ ಸಮಾಧಾನ ಕೊಡೋಕೆ ಕರ್ಕೊಂಡು ಬರೋ ಪಳಗಿದ ನಾಯಿ, ಅನ್ನೋ ಮಾತಿಗೆ ದಾರಿ ಮಾಡಿದ್ದೇ ಒಂದು ನಾಯಿ. ನ್ಯೂಯಾರ್ಕ್‌ನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಅವರ ಹತ್ರ ಜಿಂಗಲ್ಸ್ ಅಂತ ನಾಯಿ ಇತ್ತು. ಯಾರ ಜೊತೇನೂ ಬೆರೆಯದ ಒಂದು ಮಗೂನ ಅದ್ರ ಅಪ್ಪ ಅಮ್ಮ, ಡಾಕ್ಟ್ರು ಹೇಳಿದ ಟೈಮಿಗಿಂತ ಮುಂಚೆ ಕರ್ಕೊಂಡು ಬಂದ್ರು, ನಾಯೀನ ಒಳಗೆ ಕಳ್ಸೋಕೆ ಪುರುಸೊತ್ತಾಗ್ಲಿಲ್ಲ, ಅದು ಹೋಗಿ ಮಗೂನ ನೆಕ್ತು, ಮಗು ಅದನ್ನ ತಬ್ಕೊಂಡು ಆಟಕ್ಕೆ ಇಳೀತು, ನಿಧಾನಕ್ಕೆ ಡಾಕ್ಟ್ರ ಜೊತೇನೂ ಬೆರೀತು. ನಾಯಿಯೇ ಸಹ ಚಿಕಿತ್ಸಕ ಅಂತ ಅವ್ರು 1962ರಲ್ಲಿ ಬರೆದ ಲೇಖನದಿಂದ ಇದೆಲ್ಲ ಒಂದು ಶಾಸ್ತ್ರ ಆಗಿ ಬೆಳೀತು. ಆದ್ರೆ ಜಿಂಗಲ್ಸ್ ಬೆಳೆದ, ಪಳಗಿದ ನಾಯಿ. ಮೂರು ತಿಂಗಳ ಮರಿ ಬೇರೆ, ಅದು ರಾತ್ರಿ ಕೂಗುತ್ತೆ, ಚಪ್ಪಲಿ ಕಚ್ಚುತ್ತೆ, ಮಂಡಿ ನೋವಿರೋ ಎಪ್ಪತ್ತು ದಾಟಿದೋರ ಕಾಲಿಗೆ ಅಡ್ಡ ಬಂದ್ರೆ ಬಿದ್ದು ಸೊಂಟ ಮುರೀಬಹುದು. ಹತ್ತು ಹನ್ನೆರಡು ವರ್ಷ ಅದನ್ನ ನೋಡ್ಕೊಳ್ಳೋರು ಯಾರು, ನೀನು ಬೆಳಗ್ಗೆ ಎಂಟಕ್ಕೆ ಹೋದ್ರೆ ರಾತ್ರಿ ಒಂಬತ್ತಕ್ಕೆ ಬರ್ತೀಯ. ಅದೂ ಒಂದು ಜೀವ ಅಲ್ವಾ, ಔಷಧಿ ಡಬ್ಬಿ ಅಲ್ಲ. ನಾಯಿ ಸುಮ್ಸುಮ್ನೆ ಆಕಳಿಸಿದ್ರೆ, ತುಟಿ ನೆಕ್ಕೊಂಡು ಮುಖ ತಿರುಗಿಸಿದ್ರೆ ಅದಕ್ಕೆ ಸಾಕಾಗಿದೆ ಅಂತ ಅರ್ಥ, ಥೆರಪಿ ಡಾಗ್ ಕರ್ಕೊಂಡು ಬರೋರು ಆಗ ಅದನ್ನ ಕರ್ಕೊಂಡು ಹೊರಟುಬಿಡ್ತಾರೆ. ನಿಮ್ಮ ಅಪಾರ್ಟ್‌ಮೆಂಟಲ್ಲೇ ಯಾರ್ದಾದ್ರೂ ವಯಸ್ಸಾದ, ಸಾಧು ನಾಯಿ ಇದ್ರೆ, ರೇಬಿಸ್ ಲಸಿಕೆ ಆಗಿದೆಯಾ ಕೇಳ್ಕೊಂಡು, ಸಂಜೆ ಅಮ್ಮನ ಹತ್ರ ಕರ್ಕೊಂಡು ಬರೋಕೆ ಹೇಳು. ಅಮ್ಮ ಕೈ ಚಾಚಿದ್ರೆ ಆಮೇಲೆ ಯೋಚ್ನೆ ಮಾಡೋಣ.

ಇನ್ನೊಂದು, ಇದನ್ನ ಮರೀಬೇಡ. ದನ ನಾಯಿ ಏನೇ ಬರ್ಲಿ, ಊಟ ನಿದ್ದೆ ಎರಡೂ ಕೆಟ್ಟು ಇಷ್ಟು ದಿನ ಆಗಿದೆ ಅಂದ್ರೆ ಮೊದ್ಲು ಡಾಕ್ಟ್ರಿಗೆ ತೋರ್ಸು. ಅಮ್ಮ ಬರಲ್ಲ ಅಂದ್ರೆ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡು, ದುಡ್ಡು ಕೊಡೋದೇನಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಂಗೂ ಮಾತ್ರೆ ಇಲ್ದೆ ಬರೀ ಕೆಂಪಿಯಿಂದ ವಾಸಿ ಆಗ್ತಿರ್ಲಿಲ್ಲ. ಮಾತ್ರೆ ನಿದ್ದೆ ಕೊಡ್ತು, ಕೆಂಪಿ ಬೆಳಗ್ಗೆ ಏಳೋಕೆ ಕಾರಣ ಕೊಟ್ಲು.

ಈಗ ನಾನು ಕೇಳ್ಬೇಕು ಅಂದ್ಕೊಂಡಿದ್ದು. ಕೆಂಪಿಗೆ ಗಬ್ಬ ನಿಂತಿದೆ, ದೀಪಾವಳಿ ಹೊತ್ತಿಗೆ ಕರು ಹಾಕ್ತಾಳೆ. ಅಮ್ಮನ್ನ ಒಂದೆರಡು ತಿಂಗಳು ನಮ್ಮನೆಗೆ ಕಳ್ಸು. ನೆಂಟರ ಹಂಗೆ ಕೂರಿಸಿ ಕಾಫಿ ಕೊಡೋಕಲ್ಲ, ಬಗ್ಗಿ ಸಗಣಿ ಬಾಚೋ ಕೆಲಸ ನಾನು ಮಾಡ್ತೀನಿ, ಅಕ್ಕಚ್ಚು (ಅಕ್ಕಿ ತೊಳೆದ ನೀರು) ಕೊಡೋದು, ಮೈ ಸವರೋದು, ಗಬ್ಬದ ಹಸು ಹೆಂಗಿದೆ ಅಂತ ನೋಡೋದು ಅವ್ರದ್ದು. ನಮ್ಮನೇಲಿ ಯಾರಿಗೂ ಅವ್ರಷ್ಟು ಗೊತ್ತಾಗಲ್ಲ, ಇದು ಅಮ್ಮಂಗೆ ಸುಮ್ನೆ ಹುರುಪು ಬರ್ಲಿ ಅಂತ ಹೇಳ್ತಿರೋದಲ್ಲ, ಹೋದ್ಸಲ ಕರು ಹಾಕಿದ್ಮೇಲೆ ಕಸ (ಮಾಸು) ಬೀಳದೆ ನಾವು ಎಷ್ಟು ಗಾಬರಿ ಬಿದ್ವಿ, ಆಗ ಫೋನಲ್ಲೇ ಧೈರ್ಯ ಹೇಳಿ, ಯಾರೂ ಕೈ ಹಾಕಿ ಎಳೀಬೇಡಿ, ಡಾಕ್ಟ್ರನ್ನ ಕರೆಸಿ ಅಂದೋರು ಅವ್ರೇ. ಗೋಪೂಜೆ ದಿನ ಮೈಗೆ ಕೆಮ್ಮಣ್ಣಿನ ಅಚ್ಚು ಹಾಕೋಕೆ, ಅಡಿಕೆ ಪಚ್ಚೆತೆನೆ ಸೇರಿಸಿ ಹಾರ ಕಟ್ಟೋಕೆ ನನ್ನ ಮಗಳಿಗೂ ಕಲಿಸ್ಲಿ.

ನೀನೇನೂ ಹೇಳ್ಬೇಡ ಅವ್ರಿಗೆ. ನಾಳೆ ಬೆಳಗ್ಗೆ ಐದೂವರೆಗೆ ನಾನೇ ಫೋನ್ ಮಾಡ್ತೀನಿ, ಎದ್ದಿರ್ತಾರೆ. ಕೆಂಪಿ ಎರಡು ದಿನದಿಂದ ಹಿಂಡಿ ತಿನ್ನದೆ ಬಿಡ್ತಿದಾಳೆ, ಏನು ಕೊಡ್ಲಿ ಅಂತ ಕೇಳ್ಬೇಕು.

ನಿನ್ನ,
ಸುಬ್ಬು