ಬಿದ್ದ ದಿನವೇ ಮರಳಿ ಬರಲಿ

ಮಾನ್ಯ ಸಂಪಾದಕರೇ,

ಭಾನುವಾರ ಆರಾಧನೆಗೆ ಹೋಗಿ ಸೋಮವಾರ ಸಿಟ್ಟು, ಸುಳ್ಳು, ಚಾಡಿಗೆ ಮರಳುವ ಕ್ರೈಸ್ತರನ್ನು ಬೂಟಾಟಿಕೆಯವರು ಎನ್ನುವುದು ಸುಲಭ. ಹೊರಗಿನವರ ಆ ಮಾತಿಗಿಂತ, ಒಳಗಿನವರೇ ತಮ್ಮ ಬಗ್ಗೆ ಹಾಗೆ ತೀರ್ಮಾನಿಸಿಕೊಳ್ಳುವುದು ಹೆಚ್ಚು ಹಾನಿ ಮಾಡುತ್ತದೆ. ‘ಮೊದಲು ಸರಿಯಾಗುತ್ತೇನೆ, ಆಮೇಲೆ ಪ್ರಾರ್ಥಿಸುತ್ತೇನೆ’ ಎಂದು ಬೈಬಲ್ ಮುಚ್ಚಿಟ್ಟವರು ತಿಂಗಳುಗಟ್ಟಲೆ ತೆರೆಯುವುದೇ ಇಲ್ಲ. ಬಿದ್ದದ್ದಕ್ಕೂ ಮರಳಿ ಬಂದದ್ದಕ್ಕೂ ನಡುವಿನ ಈ ಅಂತರದಲ್ಲೇ ವಿಶ್ವಾಸ ಸೊರಗುತ್ತದೆ.

ಯೇಸುಸ್ವಾಮಿಯ ಶಿಷ್ಯ ಪೇತ್ರನ ಕತೆ ಎಲ್ಲರಿಗೂ ಗೊತ್ತು. ಯೇಸುವನ್ನು ಬಂಧಿಸಿದ ರಾತ್ರಿ ಹೆದರಿ ಮೂರು ಸಲ ‘ಅವರನ್ನು ಅರಿಯೆ’ ಎಂದ. ಸರೋವರದ ದಡದಲ್ಲಿ ಯೇಸುಸ್ವಾಮಿ ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಕೇಳಿ ತಮ್ಮ ಕುರಿಗಳನ್ನು ಒಪ್ಪಿಸಿದರು. ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ. ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಮುಂದಿನದನ್ನು ಹೇಳುತ್ತದೆ. ಅಂತಿಯೋಕ್ಯ ನಗರದಲ್ಲಿ ಯೆಹೂದ್ಯರಲ್ಲದ ಅನ್ಯಜನರ ಜೊತೆ ಉಣ್ಣುತ್ತಿದ್ದ ಇದೇ ಪೇತ್ರ, ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದೊಡನೆ ಹೆದರಿ ದೂರ ಸರಿದ; ಪೌಲ ಎಲ್ಲರೆದುರೇ ಖಂಡಿಸಿದ. ಕ್ಷಮೆ ಸಿಕ್ಕಿತ್ತು, ಪವಿತ್ರಾತ್ಮನೂ ಇಳಿದು ಬಂದಾಗಿತ್ತು. ಜನರ ಭಯವೆಂಬ ಹಳೆಯ ದೌರ್ಬಲ್ಯ ಮಾತ್ರ ಹೋಗಿರಲಿಲ್ಲ.

ಯೇಸುವನ್ನು ಹಣಕ್ಕೆ ಹಿಡಿದುಕೊಟ್ಟ ಶಿಷ್ಯ ಯೂದನ ಪ್ರಕರಣ ಇನ್ನೂ ಸೂಕ್ಷ್ಮ. ಮತ್ತಾಯ 27ರ ಪ್ರಕಾರ ಅವನು ಪಶ್ಚಾತ್ತಾಪಪಟ್ಟ, ಪಾಪಮಾಡಿದೆನೆಂದು ಬಾಯಿಬಿಟ್ಟು ಹೇಳಿದ, 30 ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದ. ಆದರೆ ಹೇಳಿಕೊಂಡದ್ದು ಯಾರ ಬಳಿ? ‘ಅದು ನಮಗೇನು, ನೀನೇ ನೋಡಿಕೋ’ ಎಂದ ಮಹಾಯಾಜಕರ ಬಳಿ. ಅಲ್ಲಿಂದ ನೇರವಾಗಿ ಸಾವಿಗೆ ನಡೆದ. ತಪ್ಪು ಒಪ್ಪಿಕೊಳ್ಳುವಷ್ಟೇ ಮುಖ್ಯ, ಯಾರೆದುರು ಒಪ್ಪಿಕೊಳ್ಳುತ್ತೇವೆ ಎಂಬುದು. ಗುಟ್ಟು ಕಾಯುವ, ಕೇಳಿ ಬೆಚ್ಚಿಬೀಳದ, ತಪ್ಪನ್ನು ತೇಲಿಸಿಬಿಡದ ಒಬ್ಬರು ಬೇಕು. ಕಥೋಲಿಕರಿಗೆ ಗುರುಗಳ ಬಳಿ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆ ಇದೆ; ಅಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಗಂಭೀರ ಪಾಪವಿದ್ದರೆ ಪೂಜೆಯಲ್ಲಿ ಕೊಡುವ ಪರಮಪ್ರಸಾದವನ್ನು ಸ್ವೀಕರಿಸುವ ಮೊದಲು ನಿವೇದನೆ ಎಂಬುದು ಅವರ ಕ್ರಮ. ಹಾಗೆಂದು ಪೂಜೆಗೇ ಬರಬಾರದೆಂದಲ್ಲ. ಇತರ ಸಭೆಗಳವರು ಪಾಪಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿ ಎನ್ನುವ ಯಾಕೋಬನ ಪತ್ರಿಕೆ 5:16ರಂತೆ ಸಭಾಪಾಲಕರಲ್ಲೋ ಪಕ್ವವಾದ ವಿಶ್ವಾಸಿಯಲ್ಲೋ ಹೇಳಿಕೊಳ್ಳಬಹುದು. ಪ್ರಾರ್ಥನಾಕೂಟದಲ್ಲಿ ಎಲ್ಲರೆದುರು ಎಲ್ಲವನ್ನೂ ಸುರಿಯುವುದು ಬೇಡ. ಅದರಿಂದ ಹೇಳಿದವರಿಗೆ ಹಗುರಾಗುವುದಕ್ಕಿಂತ ಊರಿಗೆ ಸುದ್ದಿಯಾಗುವುದೇ ಹೆಚ್ಚು.

ಪ್ರತಿದಿನಕ್ಕೆ ಯೇಸುಸಭೆಯನ್ನು (ಜೆಸ್ವಿಟ್) ಸ್ಥಾಪಿಸಿದ 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಅವರ ಆತ್ಮಶೋಧನೆಯ ಕ್ರಮ ಈಗಲೂ ಉಪಯುಕ್ತ. ರಾತ್ರಿ ಹತ್ತು ಹದಿನೈದು ನಿಮಿಷ ಸಾಕು. ಮೊದಲು ದಿನದ ಉಪಕಾರಗಳಿಗೆ ಸ್ತೋತ್ರ, ಬಳಿಕ ತಪ್ಪನ್ನು ಕಾಣುವ ಬೆಳಕಿಗಾಗಿ ಬೇಡಿಕೆ. ಆಮೇಲೆ ಎದ್ದಾಗಿನಿಂದ ಗಂಟೆಗಂಟೆಯಾಗಿ ಆಲೋಚನೆ, ಮಾತು, ನಡತೆಯ ಪರಿಶೀಲನೆ, ಕ್ಷಮಾಯಾಚನೆ, ಕೊನೆಗೆ ನಾಳೆಗೊಂದು ನಿರ್ಧಾರ. ಸ್ತೋತ್ರವನ್ನು ಬಿಟ್ಟು ನೇರ ತಪ್ಪಿನ ಪಟ್ಟಿಗೆ ಇಳಿದರೆ ಅದು ಪ್ರಾರ್ಥನೆಯಾಗದೆ ತನಿಖೆಯಾಗುತ್ತದೆ. ‘ನಾನು ಮಹಾಪಾಪಿ’ ಎಂಬ ಮೊತ್ತದ ಮಾತಿನಿಂದಲೂ ಪ್ರಯೋಜನವಿಲ್ಲ. ‘ಮಧ್ಯಾಹ್ನ ಲೆಕ್ಕ ಕೇಳಿದಾಗ ಸುಳ್ಳು ಹೇಳಿದೆ’ ಎಂದರೆ ನಾಳೆ ಮಾಡಬೇಕಾದದ್ದು ತಾನೇ ಹೊಳೆಯುತ್ತದೆ. ಮಾಡದೇ ಬಿಟ್ಟ ಒಳಿತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಹುಮಂದಿ ಮರೆಯುವುದು ಅದನ್ನೇ.

ಬೇರೂರಿದ ಒಂದೇ ಚಟಕ್ಕೆ ಇಗ್ನೇಷಿಯಸರು ಬೇರೆ ದಾರಿ ಹೇಳಿದ್ದಾರೆ. ಬೆಳಿಗ್ಗೆ ಎದ್ದಾಗ ಅದೊಂದನ್ನೇ ಎಚ್ಚರದಿಂದ ಕಾಯುವ ಸಂಕಲ್ಪ; ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಎಷ್ಟು ಸಲ ಜಾರಿದೆನೆಂದು ಗೆರೆಯ ಮೇಲೆ ಚುಕ್ಕೆ. ದಿನಕ್ಕೆ ಎರಡು ಗೆರೆ, ವಾರಕ್ಕೆ ಹದಿನಾಲ್ಕು. ದಿನವನ್ನು ಹಿಂದಿನ ದಿನದೊಡನೆ, ವಾರವನ್ನು ಹಿಂದಿನ ವಾರದೊಡನೆ ಹೋಲಿಸಿ ನೋಡಬೇಕು. ಒಮ್ಮೆಗೇ ಐದಾರು ದೋಷಗಳನ್ನು ಹಿಡಿದುಕೊಂಡವರು ಬೇಗನೆ ಪುಸ್ತಕವನ್ನೇ ಎಸೆಯುತ್ತಾರೆ. ಮೊದಮೊದಲು ಚುಕ್ಕೆ ಹೆಚ್ಚಿದರೆ ಗಾಬರಿಯಾಗಬೇಕಿಲ್ಲ, ಅಲ್ಲಿಯವರೆಗೆ ಅವು ಕಣ್ಣಿಗೆ ಬಿದ್ದಿರಲಿಲ್ಲವಷ್ಟೆ.

ದೇವರಲ್ಲಿ ಕ್ಷಮೆ ಕೇಳಿ ನೆರೆಯವನ ನಷ್ಟವನ್ನು ಮರೆಯುವುದು ಕ್ರೈಸ್ತ ಬದುಕಲ್ಲ. ಮೋಶೆಯ ಧರ್ಮಶಾಸ್ತ್ರ ಅನ್ಯಾಯವಾಗಿ ಪಡೆದುದಕ್ಕೆ ಐದನೇ ಒಂದು ಪಾಲನ್ನು ಸೇರಿಸಿ ಕೊಡಿ ಎನ್ನುತ್ತದೆ. ಯೇಸುವನ್ನು ಕಂಡ ಸುಂಕದವ ಜಕ್ಕಾಯ ನಾಲ್ಕರಷ್ಟು ಕೊಡಲು ಒಪ್ಪಿದ. ಹಣವಾದರೆ ಹಣ, ಹೆಸರು ಕೆಡಿಸಿದ್ದರೆ ಅದೇ ಜನರೆದುರು ತಿದ್ದುಪಡಿ. ‘ದೇವರು ಕ್ಷಮಿಸಿದ್ದಾನೆ, ನೀವೂ ಬಿಡಿ’ ಎಂದು ನೊಂದವರ ಬಾಯಿ ಮುಚ್ಚಿಸುವುದಂತೂ ಸಲ್ಲದು. ಹೊಡೆತ, ವಂಚನೆ, ಮಕ್ಕಳ ಮೇಲಿನ ದೌರ್ಜನ್ಯಗಳನ್ನು ‘ಮಾನವ ದೌರ್ಬಲ್ಯ’ ಎನ್ನಲಾಗದು. ಅವು ಕಾನೂನಿಗೆ ಸೇರಿದವು. ಪಶ್ಚಾತ್ತಾಪ ನಿಜವಾಗಿದ್ದರೆ ತಪ್ಪಿತಸ್ಥ ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ನೋಡುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಉಂಟು. ಕೆಲವರು ಒಮ್ಮೆ ನಿವೇದಿಸಿದ ಪಾಪವನ್ನೇ ಮತ್ತೆ ಮತ್ತೆ ಹೇಳುತ್ತಾರೆ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ನಿದ್ದೆಗೆಡುತ್ತಾರೆ. ಇಗ್ನೇಷಿಯಸರೇ ಸ್ಪೇನಿನ ಮನ್ರೇಸಾ ಊರಿನಲ್ಲಿ ಇದರಿಂದ ಆತ್ಮಹತ್ಯೆಯ ಯೋಚನೆಯವರೆಗೆ ಹೋಗಿದ್ದರು. ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ನಿಶ್ಚಯಿಸಿದ ಮೇಲೆಯೇ ಬಿಡುಗಡೆಯಾಯಿತು. ಇಂಥವರಿಗೆ ಮೇಲಿನ ಚುಕ್ಕೆಯ ಲೆಕ್ಕ ಬೇಡವೇ ಬೇಡ. ಒಬ್ಬರೇ ಮಾರ್ಗದರ್ಶಕರ ಮಾತು ಕೇಳಲಿ. ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಲಿ. ಅದು ವಿಶ್ವಾಸದ ಕೊರತೆಯಲ್ಲ, ಚಿಕಿತ್ಸೆ ಇರುವ ಕಾಯಿಲೆಯಾಗಿರಬಹುದು.

ಇನ್ನು ನಿರೀಕ್ಷೆ. ‘ಈ ವರ್ಷ ನಾನು ಸುಧಾರಿಸಿದ್ದೇನೆಯೇ?’ ಎಂಬ ಅಳತೆಯ ಮೇಲೆ ಅದನ್ನು ನಿಲ್ಲಿಸಿದರೆ ಮೊದಲ ಸೋಲಿಗೇ ಕುಸಿಯುತ್ತದೆ. ಕಣ್ಣಿಗೆ ಕಾಣುವುದನ್ನು ಯಾರು ನಿರೀಕ್ಷಿಸುತ್ತಾರೆ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆ 8:24 ಕೇಳುತ್ತದೆ. ಸೆರೆಯಿಂದ ಫಿಲಿಪ್ಪಿಯವರಿಗೆ ಬರೆದಾಗಲೂ ಪೌಲ ತಾನು ಪರಿಪೂರ್ಣನಾಗಿಲ್ಲವೆಂದೇ ಹೇಳಿದ, ಓಟವನ್ನು ಮಾತ್ರ ನಿಲ್ಲಿಸಲಿಲ್ಲ. ಅವನು ನೆಚ್ಚಿದ್ದು ತನ್ನ ಪ್ರಗತಿಯನ್ನಲ್ಲ, ತನ್ನನ್ನು ಹಿಡಿದುಕೊಂಡ ಕ್ರಿಸ್ತನನ್ನು. ಪ್ರಾರ್ಥಿಸಲು ಮಾತೇ ಹೊರಡದ ದಿನ ಬೈಬಲಿನ 130ನೇ ಕೀರ್ತನೆಯನ್ನು ಓದಿಕೊಳ್ಳಬಹುದು. ಎಂಟೇ ವಚನ, ನಿಧಾನವಾಗಿ ಓದಿದರೂ ಎರಡು ನಿಮಿಷ ಹಿಡಿಯದು.

ಇಂತಿ,
ಒಬ್ಬ ಓದುಗ