ಸಭಾಪಾಲಕರ ಬದಲಾವಣೆ: ದಯವಿಟ್ಟು ಪೂರ್ತಿ ಓದಿ

ಸಭೆಯ ಸಹೋದರ ಸಹೋದರಿಯರಿಗೆ ವಂದನೆಗಳು. ನಮ್ಮ ಚರ್ಚಿನ ಪಾಲಕರು (ಪಾಸ್ಟರ್) ಹೊರಟು ಹೊಸಬರು ಬರುವಾಗ ನಾವು ಗಮನಿಸಬೇಕಾದದ್ದು ಇಲ್ಲಿದೆ.

ಈಗಿನ ಪಾಲಕರು ಹೊರಡುವ ಮುನ್ನವೇ ಕಾರ್ಯದರ್ಶಿಗಳು ಅವರ ಜೊತೆ ಕೂತು ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರ್‌ಗಳನ್ನು ಪುಟಪುಟವಾಗಿ ನೋಡಬೇಕು. ಮದುವೆ ದಾಖಲೆಯಲ್ಲಿ ಸಾಕ್ಷಿಯ ಸಹಿ ಬಿಟ್ಟುಹೋಗಿದ್ದರೆ ಆಮೇಲೆ ಯಾರನ್ನು ಹುಡುಕುವುದು? ಸಭೆಯ ಬ್ಯಾಂಕ್ ಖಾತೆಗೆ ಪಾಲಕರ ಸಹಿ ಇದ್ದರೆ ಬದಲಾವಣೆಗೆ ಕಮಿಟಿ ಠರಾವು ಬೇಕಾಗುತ್ತದೆ. ಕೊನೆಯ ವಾರಕ್ಕೆ ಬಿಡಬೇಡಿ. ಪ್ರತಿ ಬೀಗದ ಕೈಗೂ ಚೀಟಿ ಕಟ್ಟಿ, ಯಾವ ಬಾಗಿಲಿನದೆಂದು ಬರೆದಿಡಿ.

ಹಾಸಿಗೆ ಹಿಡಿದವರು, ಆಸ್ಪತ್ರೆಯಲ್ಲಿರುವವರು, ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡವರು ಯಾರೆಂಬ ಪಟ್ಟಿ ಹೊಸ ಪಾಲಕರಿಗೆ ಬೇಕೇ ಬೇಕು. ಆದರೆ ಪಾಲಕರಲ್ಲಿ ಗುಟ್ಟಾಗಿ ಹೇಳಿಕೊಂಡದ್ದು ಆ ಪಟ್ಟಿಗೆ ಬರಕೂಡದು.

ಮುಖ್ಯವಾದ ಮಾತು. ಈಗಿನ ಪಾಲಕರು ಹೋದ ಮೇಲೆ ಮದುವೆಗೋ ಶವಸಂಸ್ಕಾರಕ್ಕೋ ನೇರವಾಗಿ ಅವರಿಗೇ ಫೋನ್ ಮಾಡಬೇಡಿ. ಪ್ರೀತಿಯಿಂದಲೇ ಕರೆಯುತ್ತೀರಿ, ನಿಜ. ಆದರೆ ದುಃಖದ ಮನೆಯಲ್ಲೇ ಹೊಸ ಪಾಲಕರಿಗೂ ಕುಟುಂಬಕ್ಕೂ ಬಾಂಧವ್ಯ ಬೆಳೆಯುವುದು. ಆ ಜಾಗದಲ್ಲಿ ಹಳಬರು ನಿಂತರೆ ಹೊಸಬರು ವರ್ಷಗಟ್ಟಲೆ ಅತಿಥಿಯಾಗಿಯೇ ಉಳಿಯುತ್ತಾರೆ. ಹೊಸ ಪಾಲಕರೇ ಆಹ್ವಾನಿಸಿದರೆ ತೊಂದರೆಯಿಲ್ಲ.

ಹಳಬರು ಹೋಗಿ ಹೊಸಬರು ಬರುವ ನಡುವಿನ ತಿಂಗಳುಗಳಿಗೆ ಪ್ರಸಂಗಿಗಳ (ಆರಾಧನೆಯಲ್ಲಿ ಪ್ರಸಂಗ ಮಾಡುವವರ) ಸರದಿ ಮೊದಲೇ ಹಾಕಿ. ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರಕ್ಕೆ) ದೀಕ್ಷೆ ಪಡೆದ ಪಾಲಕರೇ ಬೇಕೆಂಬ ನಿಯಮವಿದ್ದರೆ ಅಂಥವರು ಬರುವ ದಿನಾಂಕವನ್ನು ಎಲ್ಲಕ್ಕಿಂತ ಮುಂಚೆ ಗೊತ್ತುಮಾಡಿಕೊಳ್ಳಿ.

ಹೊಸಬರು ಬಂದ ಮೇಲೆ ವಾರಕ್ಕೆ ಮೂರು ನಾಲ್ಕು ಮನೆ ಭೇಟಿ ಸಾಕು, ಹಿರಿಯರೊಬ್ಬರು ಜೊತೆಗೆ ಹೋಗಲಿ. ಆರಾಧನಾ ಕ್ರಮ ಬದಲಿಸಿ ಎಂದು ಆರು ತಿಂಗಳು ಯಾರೂ ಅವರ ಮೇಲೆ ಒತ್ತಡ ತರಬೇಡಿ.