ಈ ಚಳಿಗಾಲ ದಾಟಿಸಿದವರಿಗೆ

ನಮ್ಮ ಮನೆಯಲ್ಲಿ ಚಳಿಗಾಲ ಶುರುವಾಗುವುದು ಕೌದಿ ಹಂಚುವ ದಿನ. ದಸರೆ ಮುಗಿದು, ಹೊಲದಲ್ಲಿ ಹಿಂಗಾರಿ ಜೋಳ ಬಿತ್ತಿ ಆದ ಮೇಲೆ ಅವ್ವ ಟ್ರಂಕಿನಿಂದ ಕೌದಿ ತೆಗೆದು ಬಿಸಿಲಿಗೆ ಹರವುತ್ತಾಳೆ. ಒಟ್ಟು ನಾಲ್ಕು ಕೌದಿ. ಎರಡು ಅಪ್ಪ-ಅವ್ವನ ಜೊತೆ ಕಬ್ಬಿನ ಫಡಕ್ಕೆ, ಅಂದರೆ ಕಬ್ಬು ಕಡಿಯುವ ಹೊಲಕ್ಕೆ, ಹೋಗುತ್ತವೆ. ಒಂದು ಊರಲ್ಲೇ ಉಳಿಯುವ ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ಮತ್ತು ತಮ್ಮನಿಗೆ. ಇನ್ನೊಂದು ನನ್ನ ಜೊತೆ ಸೋಲಾಪುರಕ್ಕೆ ಬರುತ್ತದೆ. ಈ ಸಲ ನನ್ನ ಕೌದಿ ಒಂದು ಕಡೆ ಹರಿದಿತ್ತು. ಅವ್ವ ತನ್ನ ಹಸಿರು ಇಳಕಲ್ ಸೀರೆಯ ತುಂಡು ಹಚ್ಚಿ ಹೊಲಿದು ಕೊಟ್ಟಿದ್ದಳು.

ಹೋದ ವಾರ ನನ್ನ ಬಿ.ಎಸ್‌ಸಿ. ಮೂರನೆಯ ಸೆಮಿಸ್ಟರ್‌ ಫಲಿತಾಂಶ ಬಂತು. ಎಲ್ಲ ವಿಷಯದಲ್ಲೂ ಪಾಸಾಗಿದ್ದೇನೆ. ನವೆಂಬರ್‌ನಲ್ಲಿ ಹಾಸಿಗೆ ಹಿಡಿದಿದ್ದ ನನ್ನನ್ನು ನೋಡಿದ ಯಾರೂ ಈ ಹುಡುಗಿ ಪರೀಕ್ಷೆಗೆ ಕೂರುತ್ತಾಳೆ ಅಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ. ಇದನ್ನು ದಾಟಿಸಿದವರ ಎದುರಿಗೆ ನಿಂತು ನಾನು ಋಣಿ ಅಂತ ಹೇಳಲು ಹೋದರೆ ನನಗೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಮಹಾರಾಷ್ಟ್ರದಲ್ಲಿ, ಮಂಗಳವೇಢೆ ತಾಲೂಕಿನ ದಕ್ಷಿಣದ ತುದಿಯಲ್ಲಿದೆ. ಸ್ವಲ್ಪ ಮುಂದೆ ಹೋದರೆ ಕರ್ನಾಟಕದ ವಿಜಯಪುರ ಜಿಲ್ಲೆ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮುಂಚೆ ಇದ್ದ ಮಂಗಳವೇಢೆ ಇದೇ. ಮನೆಮಾತು ಕನ್ನಡ. ನಾನು ಓದಿದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ, ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯವರು ಅಚ್ಚು ಹಾಕುವ ಕನ್ನಡ ಪುಸ್ತಕದಲ್ಲಿ. ನಮ್ಮ ಕಡೆ ಕರಿ ಮಣ್ಣು, ಮಳೆ ಕಡಿಮೆ. ಬಿಳಿ ಜೋಳ ಮಾತ್ರ ಚೆನ್ನಾಗಿ ಬರುತ್ತದೆ. ಮಣ್ಣಲ್ಲಿ ಉಳಿದ ಹಸಿ ಮತ್ತು ಚಳಿಗಾಲದ ಇಬ್ಬನಿ, ಅಷ್ಟರ ಮೇಲೆಯೇ ಅದು ಎದ್ದು ನಿಲ್ಲುತ್ತದೆ ಅಂತ ಆಯಿ ಹೇಳುತ್ತಾಳೆ. ಆದರೆ ಎರಡು ಎಕರೆ ಜೋಳದಿಂದ ವರ್ಷ ಕಳೆಯುವುದಿಲ್ಲ. ಅದಕ್ಕೆ ಅಪ್ಪ-ಅವ್ವ ಪ್ರತಿ ವರ್ಷ ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಹೋಗುತ್ತಾರೆ. ಮರಳಿ ಬರುವುದು ಮಾರ್ಚ್ ಹೊತ್ತಿಗೆ.

ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಆದರೆ ಕೂಲಿಯವರನ್ನು ಕರೆದುಕೊಂಡು ಹೋಗುವ ಮುಕಾದಮನ ಲೆಕ್ಕದಲ್ಲಿ ಗಂಡ-ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ. ಮುಂಗಡ ಕೊಡುವುದೂ ಆ ಜೋಡಿಯ ಲೆಕ್ಕದಲ್ಲೇ. ಒಬ್ಬರು ಬಿಟ್ಟು ಹೋದರೆ ಇನ್ನೊಬ್ಬರ ಕೆಲಸವೂ ನಿಲ್ಲುತ್ತದೆ. ನನಗೆ ಹುಷಾರಿಲ್ಲ ಅಂತ ಅವ್ವನಿಗೆ ನಾನು ಯಾಕೆ ಹೇಳಲಿಲ್ಲ ಅಂತ ಬಹಳ ಜನ ಕೇಳಿದರು. ಕಾರಣ ಇಷ್ಟೇ.

ದೀಪಾವಳಿ ರಜೆ ಮುಗಿಸಿ ಸೋಲಾಪುರಕ್ಕೆ ಬಂದಾಗಲೇ ಸಣ್ಣ ಜ್ವರ ಇತ್ತು. ಆಮೇಲೆ ಅನ್ನ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಎದ್ದರೆ ತಲೆ ತಿರುಗುತ್ತಿತ್ತು. ಚಳಿಗೆ ಹೀಗಾಗಿದೆ ಅಂದುಕೊಂಡೆ. ಬೇಸಿಗೆಯಲ್ಲಿ ಕಾದ ಹೆಂಚಿನಂತೆ ಇರುವ ಈ ಊರು ನವೆಂಬರ್ ಕೊನೆಗೆ ಬೇರೆಯೇ ಆಗಿಬಿಡುತ್ತದೆ. ಬೆಳಿಗ್ಗೆ ಏಳೂವರೆಯ ಕಾಲೇಜಿಗೆ ಹೋಗುವಾಗ ಕಿವಿ ಕಟ್ಟಿಕೊಳ್ಳಬೇಕು. ಓಣಿಯ ಮೂಲೆಯಲ್ಲಿ ಜನ ಬೆಂಕಿ ಹಾಕಿ ಕೈ ಕಾಯಿಸುತ್ತಿರುತ್ತಾರೆ. ಹಾಗೆ ಒಂದು ಬೆಳಿಗ್ಗೆ ಚಹಾ ಕೊಡಲು ಬಂದ ಅಮ್ಮಮ್ಮ ನನ್ನ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದರು. ಕಣ್ಣು ಪೂರ್ತಿ ಹಳದಿ ಆಗಿತ್ತು. ಕಾಮಣಿ, ಅಂದರೆ ಕಾಮಾಲೆ.

ಅಮ್ಮಮ್ಮ ನಮ್ಮ ರೂಮಿನ ಮಾಲಕರು. ಪದ್ಮಶಾಲಿ ಮನೆಯವರು, ಮಾತು ತೆಲುಗು. ಸೋಲಾಪುರದ ಪೂರ್ವ ಭಾಗದಲ್ಲಿ ಇಂಥ ಮನೆಗಳು ಸಾಲು ಸಾಲಾಗಿವೆ. ಗಂಡಸರು ಮಗ್ಗಕ್ಕೆ ಹೋಗುತ್ತಾರೆ, ಹೆಂಗಸರು ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಅಮ್ಮಮ್ಮನ ವಯಸ್ಸು ಎಪ್ಪತ್ತರ ಹತ್ತಿರ. ಈಗಲೂ ತೊಡೆಯ ಮೇಲೆ ಮೊರ ಇಟ್ಟುಕೊಂಡು ದಿನವೂ ಬೀಡಿ ಕಟ್ಟುತ್ತಾರೆ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಅವತ್ತು ಮೊರ ಕೆಳಗಿಟ್ಟು, ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಸರಕಾರಿ ಆಸ್ಪತ್ರೆಗೆ ಹೋದರು. ಒಂದು ದಿನದ ಕೂಲಿ ಹೋಯಿತು. ಅದರ ಮಾತನ್ನು ಇವತ್ತಿನವರೆಗೆ ಎತ್ತಿಲ್ಲ.

ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್, ಅಂದರೆ ಕಣ್ಣು ಹಳದಿ ಮಾಡುವ ಅಂಶ, 9 ದಾಟಿತ್ತು. ಸಾಮಾನ್ಯವಾಗಿ ಅದು 1ರ ಆಚೀಚೆ ಇರಬೇಕಂತೆ. ಹೆಪಟೈಟಿಸ್ ಎ ಅಂತ ಡಾಕ್ಟರ್ ಹೇಳಿದರು. ಕೊಳೆ ನೀರಿನಿಂದ, ಕೊಳೆ ಕೈಯಿಂದ ಬರುವ ರೋಗ. ಎಲ್ಲಿಯ ನೀರು ಕುಡಿದೆನೋ ಗೊತ್ತಿಲ್ಲ. ಆ ಡಾಕ್ಟರ್‌ಗೆ ನಾನು ಋಣಿ. ಹೊರಗೆ ಅಷ್ಟು ದೊಡ್ಡ ಸಾಲು ಇದ್ದರೂ ಅಮ್ಮಮ್ಮನಿಗೆ ತಿಳಿಯುವಂತೆ ಮರಾಠಿಯಲ್ಲಿ ಎರಡು ಸಲ ಬಿಡಿಸಿ ಹೇಳಿದರು. ಇದಕ್ಕೆ ಅಂತ ಬೇರೆ ಔಷಧಿ ಇಲ್ಲ, ಲಿವರ್ ತಾನೇ ಸುಧಾರಿಸಿಕೊಳ್ಳುತ್ತದೆ, ಅದಕ್ಕೆ ಪುರುಸೊತ್ತು ಕೊಡಬೇಕು. ನೀರು ಕುದಿಸಿ ಕುಡಿಯಬೇಕು. ಸೋಪು ಹಚ್ಚಿ ಕೈ ತೊಳೆಯಬೇಕು. ಕೇಳದೆ ಯಾವ ಮಾತ್ರೆಯನ್ನೂ ನುಂಗಬಾರದು, ನಾಟಿ ಔಷಧಿಯೂ ಬೇಡ. ಊರಿನಿಂದ ಆಯಿ ಒಂದು ಬೇರು ಕಳಿಸುತ್ತೇನೆ ಅಂದಾಗ ಬೇಡ ಅನ್ನಲು ನನಗೆ ಧೈರ್ಯ ಬಂದದ್ದು ಇದೇ ಮಾತಿನಿಂದ.

ಅಂಟುರೋಗ ಅಂತ ಗೊತ್ತಾದ ಮೇಲೆ ಓಣಿಯಲ್ಲಿ ಒಂದಿಬ್ಬರು ಬಂದು, ಹುಡುಗಿಯನ್ನು ಊರಿಗೆ ಕಳಿಸಿಬಿಡಿ ಅಂದರು. ಅವರದೂ ಸಣ್ಣ ಮಕ್ಕಳಿರುವ ಮನೆ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ನಾನು ಒಳಗೆ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಬ್ಯಾಗಿನಲ್ಲಿ ಏನೇನು ತುಂಬಿಕೊಳ್ಳಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಅಮ್ಮಮ್ಮ ಒಂದೇ ಮಾತು ಹೇಳಿದರು. ಊರಲ್ಲಿ ಮುದುಕಿಯೊಬ್ಬಳೇ ಇದ್ದಾಳೆ, ಇಲ್ಲಿ ನಾನೊಬ್ಬ ಮುದುಕಿ ಇದ್ದೇನೆ, ಇಲ್ಲೇ ಇರಲಿ. ಆಮೇಲೆ ದೊಡ್ಡ ಪಾತ್ರೆ ತಂದು ಇಡೀ ಮನೆಗೆ ನೀರು ಕುದಿಸಲು ಶುರು ಮಾಡಿದರು. ಐದು ವಾರ, ದಿನಕ್ಕೆ ಎರಡು ಸಲ.

ಒಂದು ರಾತ್ರಿ ಚಳಿ ತಡೆಯಲಾಗಲಿಲ್ಲ. ಕೌದಿ ಹೊದ್ದರೂ ಹಲ್ಲು ಕಡಿಯುತ್ತಿತ್ತು. ಅಮ್ಮಮ್ಮ ಎದ್ದು ಕಪಾಟಿನಿಂದ ಒಂದು ಚಾದರ ತೆಗೆದರು. ಊರಿನ ಹೆಸರಲ್ಲೇ ಮಾರಾಟವಾಗುವ ಅದೇ ದಪ್ಪ ನೂಲಿನ ಸೋಲಾಪುರಿ ಚಾದರ. ಅವರ ಯಜಮಾನರು ಬದುಕಿದ್ದಾಗ ಮಗ್ಗದಲ್ಲಿ ತಾವೇ ನೇಯ್ದದ್ದು. ಘಡಿ ಬಿಚ್ಚದೆ ಇಟ್ಟಿದ್ದರು. ಮೂಲೆಯಲ್ಲಿ ಇನ್ನೂ ನುಸಿಗುಳಿಗೆಯ ವಾಸನೆ ಇತ್ತು. ಅದನ್ನು ಕೌದಿಯ ಮೇಲೆ ಹೊದಿಸಿ, ಅಂಚನ್ನು ಕಾಲಿನ ಕೆಳಗೆ ಸಿಕ್ಕಿಸಿದರು. ಅಮ್ಮಮ್ಮಾ, ಆ ರಾತ್ರಿ ನಾನು ನಿದ್ದೆ ಮಾಡಿದ್ದೇನೆ ಅಂತ ನೀವು ತಿಳಿದಿದ್ದಿರಿ. ನಾನು ಅಳುತ್ತಿದ್ದೆ.

ನನ್ನ ಇಬ್ಬರು ರೂಮ್‌ಮೇಟ್‌ಗಳು. ಒಬ್ಬಳು ಅಕ್ಕಲಕೋಟೆ ಕಡೆಯವಳು, ನನ್ನ ಹಾಗೇ ಕನ್ನಡದವಳು. ಇನ್ನೊಬ್ಬಳು ಬಾರ್ಶಿಯವಳು, ಮರಾಠಿಯವಳು. ಇಬ್ಬರ ಮನೆಯಿಂದಲೂ ರೂಮ್ ಬದಲಿಸು ಅಂತ ಫೋನ್ ಬಂದಿತ್ತು. ಇಬ್ಬರೂ ಬದಲಿಸಲಿಲ್ಲ.

ಸಂಜೆ ಎಂಟಕ್ಕೆ ಅವ್ವ ಫಡದಿಂದ ಖೋಪಿಗೆ, ಅಂದರೆ ಗುಡಿಸಲಿಗೆ, ಬಂದು ನನಗೆ ಫೋನ್ ಮಾಡುತ್ತಾಳೆ. "ಉಂಡ್ಯಾ?" ಅಂತ ಕೇಳುತ್ತಾಳೆ. "ಉಂಡೆ" ಅನ್ನುತ್ತಿದ್ದೆ. ಒಂಬತ್ತು ದಿನ ಹೀಗೆ ಸುಳ್ಳು ಹೇಳಿದೆ. ಹತ್ತನೆಯ ದಿನ ಅಕ್ಕಲಕೋಟೆಯವಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ಕಾಕು, ಇಕಿಗಿ ಕಾಮಣಿ ಆಗ್ಯಾದರಿ, ಏನೂ ಉಣ್ಣವಲ್ಲಳು" ಅಂದುಬಿಟ್ಟಳು. ಎರಡು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಅವಳು ಅದಕ್ಕೂ ಬೇಜಾರು ಮಾಡಿಕೊಳ್ಳದೆ ಗಂಜಿ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ಗೆಳತಿ, ಈ ಬರಹದಲ್ಲಿ ಎಲ್ಲಕ್ಕಿಂತ ದೊಡ್ಡ ಋಣ ಆ ಫೋನಿನದು. ನೀನು ಹೇಳದಿದ್ದರೆ ಅವ್ವ ಬರುತ್ತಿರಲಿಲ್ಲ.

ಅವ್ವ ಬಂದಳು. ಒಂದು ರಾತ್ರಿ, ಅರ್ಧ ಹಗಲು ಇದ್ದಳು. ಮಹಾರಾಷ್ಟ್ರ ಸರಕಾರದ ಎಸ್.ಟಿ. ಬಸ್ಸಿನಲ್ಲಿ 2023ರಿಂದ ಹೆಂಗಸರಿಗೆ ಅರ್ಧ ಟಿಕೆಟ್ ಇರುವುದರಿಂದ ಬರಲಾಯಿತು ಅಂದಳು. ಕೈಯಲ್ಲಿ ಬಟ್ಟೆಯ ಗಂಟು, ಹೆಗಲ ಮೇಲೆ ಐದು ಕಬ್ಬು. ಬಸ್ಸಿಗೆ ಹಿಡಿಯುವಷ್ಟು ಉದ್ದಕ್ಕೆ ಕಡಿದು, ಕಬ್ಬಿನ ಗರಿಯಿಂದಲೇ ಕಟ್ಟಿದ್ದಳು. ಕಾಮಣಿಗೆ ಕಬ್ಬು ಒಳ್ಳೆಯದು ಅಂತ ನಮ್ಮ ಕಡೆ ನಂಬಿಕೆ. ಮಗಳಿಗೆ ಹುಷಾರಿಲ್ಲ ಅಂತ ಕೇಳಿ ಕಂಡಕ್ಟರ್ ಆ ಕಬ್ಬನ್ನು ತನ್ನ ಸೀಟಿನ ಕೆಳಗೆ ಇಟ್ಟುಕೊಂಡು ಬಂದನಂತೆ. ಆ ಅಣ್ಣನಿಗೂ ನನ್ನ ನಮಸ್ಕಾರ. ಹೊರಗಿನ ಗಾಡಿಯ ಕಬ್ಬಿನ ಹಾಲು ಬೇಡವೇ ಬೇಡ, ಐಸ್ ಯಾವ ನೀರಿನದೋ ಅಂತ ಡಾಕ್ಟರ್ ಹೇಳಿದ್ದರು. ಮನೆಯಲ್ಲಿ ತೊಳೆದು ಸಿಪ್ಪೆ ತೆಗೆದದ್ದು ತಿನ್ನಬಹುದು ಅಂದಿದ್ದರು. ಅವ್ವ ಒಂದೊಂದೇ ಗಣಿಕೆ ಸಿಗಿದು, ಸಣ್ಣ ತುಂಡು ಮಾಡಿ ಕೊಡುತ್ತಿದ್ದಳು. ಹತ್ತು ದಿನದ ಮೇಲೆ ನನ್ನ ಬಾಯಿಗೆ ರುಚಿ ಗೊತ್ತಾದದ್ದು ಆಗಲೇ.

ಅವ್ವನಿಗೆ ಬರುವುದು ಕನ್ನಡ, ಅಲ್ಪಸ್ವಲ್ಪ ಮರಾಠಿ. ಅಮ್ಮಮ್ಮನಿಗೆ ತೆಲುಗು, ಅಲ್ಪಸ್ವಲ್ಪ ಮರಾಠಿ. ರಾತ್ರಿ ಊಟವಾದ ಮೇಲೆ ಇಬ್ಬರೂ ಮೊರದ ಎದುರು ಕೂತಿದ್ದರು. ಸುಮ್ನೆ ಕೂರಲು ಬಾರದ ಅವ್ವ ಒಂದು ಬೀಡಿ ಕಟ್ಟಲು ನೋಡಿದಳು. ಎಲೆ ಹರಿಯಿತು. ಅಮ್ಮಮ್ಮ ಅವಳ ಕೈ ಹಿಡಿದು ನೋಡಿದರು. ಕಬ್ಬಿನ ಗರಿ ಕೊಯ್ದು ಬೆರಳಿನ ತುಂಬ ಗೀರು, ಉಗುರು ಕಪ್ಪು. ಏನೂ ಕೇಳಲಿಲ್ಲ. ಕೊಬ್ಬರಿ ಎಣ್ಣೆ ತಂದು ಒಂದೊಂದೇ ಬೆರಳಿಗೆ ಹಚ್ಚಿದರು. ಅವ್ವ ತಲೆ ತಗ್ಗಿಸಿ ಕೈ ಕೊಟ್ಟು ಕೂತಿದ್ದಳು. ಅವಳ ಕೈಗೆ ಬೇರೆಯವರು ಎಣ್ಣೆ ಹಚ್ಚಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ನಾನು ಈವರೆಗೆ ಮುಖ ನೋಡದ ಇಬ್ಬರಿಗೂ ಇಲ್ಲೇ ಹೇಳಬೇಕು. ಅವ್ವ ಬಂದ ಆ ಎರಡು ದಿನ ಅಪ್ಪನ ಜೊತೆ ಕಬ್ಬಿನ ಮೋಳಿ, ಅಂದರೆ ಹೊರೆ, ಹೊತ್ತು ಲಾರಿ ತುಂಬಿಸಿದವರು ಪಕ್ಕದ ಖೋಪಿಯ ಕಾಕಾ-ಕಾಕಿ. ಲಾರಿ ಯಾವಾಗ ಬಂದರೂ ತುಂಬಿಸಲೇಬೇಕು, ರಾತ್ರಿ ಎರಡಾದರೂ ಸರಿ. ತಲೆಯ ಮೇಲೆ ಹೊರೆ ಇಟ್ಟುಕೊಂಡು ಏಣಿ ಹತ್ತಬೇಕು. ಅವರದೇ ಕೊಯ್ತಾ ಕೆಲಸ ಮುಗಿಸಿ, ಆಮೇಲೆ ನಮ್ಮದಕ್ಕೂ ಕೈ ಹಚ್ಚಿದರು. ಆ ಇಬ್ಬನಿಯಲ್ಲಿ, ಆ ಚಳಿಯಲ್ಲಿ. ನಾನು ಇಲ್ಲಿ ಎರಡು ಹೊದಿಕೆಯ ಕೆಳಗೆ ಅವ್ವನನ್ನು ಅಪ್ಪಿಕೊಂಡು ಮಲಗಿದ್ದೆ.

ಮೆಸ್ಸಿನ ಕಾಕು ನನ್ನ ಡಬ್ಬಾದಲ್ಲಿ ಖಾರ, ಎಣ್ಣೆ ಬಿಟ್ಟು ಬೇರೆ ಅಡಿಗೆ ಮಾಡಿ ಕಳಿಸಿದರು. ಜೋಳದ ನುಚ್ಚು, ತಿಳಿ ಬೇಳೆಕಟ್ಟು. ನಲವತ್ತು ಡಬ್ಬಾ ಕಟ್ಟುವ ಅಡಿಗೆಮನೆಯಲ್ಲಿ ಒಬ್ಬಳಿಗೆ ಬೇರೆ ಪಾತ್ರೆ ಇಡುವುದು ಎಷ್ಟು ಕಷ್ಟ ಅಂತ ಅಡಿಗೆ ಮಾಡುವವರಿಗೆ ಗೊತ್ತು. ಡಬ್ಬಾ ಖಾಲಿಯಾಗಿ ಬಂದ ಮೊದಲ ದಿನ ಅವರು ತಾವೇ ಮನೆಯವರೆಗೆ ಬಂದು ನೋಡಿ ಹೋದರು.

ಓದಿನ ಭಾರ ಬಾರ್ಶಿಯವಳು ಹೊತ್ತಳು. ನಮ್ಮ ಪುಸ್ತಕ ಇಂಗ್ಲಿಷಿನಲ್ಲಿ, ಕ್ಲಾಸಿನಲ್ಲಿ ವಿವರಣೆ ಮರಾಠಿಯಲ್ಲಿ, ನನ್ನ ತಲೆ ಓಡುವುದು ಕನ್ನಡದಲ್ಲಿ. ನಾನು ಕಣ್ಣು ಮುಚ್ಚಿ ಮಲಗಿರುತ್ತಿದ್ದೆ, ಅವಳು ನೋಟ್ಸ್ ಓದುತ್ತಿದ್ದಳು. ಅವಳು ಪ್ರಕಾಶ ಸಂಶ್ಲೇಷಣ ಅಂದರೆ ನಾನು ದ್ಯುತಿಸಂಶ್ಲೇಷಣೆ ಅನ್ನುತ್ತಿದ್ದೆ. ಆಮ್ಲ ಎರಡರಲ್ಲೂ ಆಮ್ಲವೇ ಅಂತ ಗೊತ್ತಾದಾಗ ಇಬ್ಬರಿಗೂ ಖುಷಿ. ಈಗ ಅವಳಿಗೆ ಕನ್ನಡದ ಎಷ್ಟೋ ಶಬ್ದ ಬರುತ್ತವೆ. ಕೆಮಿಸ್ಟ್ರಿ ಮ್ಯಾಡಮ್ ಎರಡು ಶನಿವಾರ ನನಗಾಗಿ ಲ್ಯಾಬ್ ತೆರೆದು, ತಪ್ಪಿಹೋದ ಟೈಟ್ರೇಶನ್‌ಗಳನ್ನು ಮಾಡಿಸಿದರು. ನಿಲ್ಲಲು ಆಗದಿದ್ದಾಗ ಸ್ಟೂಲ್ ತಂದು ಕೊಟ್ಟರು. 75 ಶೇಕಡಾ ಹಾಜರಿಯ ಚಿಂತೆ ಬೇಡ, ವೈದ್ಯರ ಚೀಟಿ ಇದೆಯಲ್ಲ ಅಂದರು. ಅವರಿಗೆ ನನ್ನ ನಮಸ್ಕಾರಗಳು.

ಡಿಸೆಂಬರ್ ನಡುವೆ ಪರೀಕ್ಷೆ ಬರೆದೆ. ಬೆಂಚಿನ ಮೇಲೆ ಕುದಿಸಿದ ನೀರಿನ ಬಾಟಲಿ, ಹೆಗಲ ಮೇಲೆ ಅಮ್ಮಮ್ಮನ ಸ್ವೆಟರ್. ಸಂಕ್ರಾಂತಿ ಹೊತ್ತಿಗೆ ಬಿಲಿರುಬಿನ್ ಸರಿಹೋಯಿತು. ಸಿದ್ಧರಾಮೇಶ್ವರರ ಜಾತ್ರೆಗೆ ಅಮ್ಮಮ್ಮ ಕೈ ಹಿಡಿದು ಕರೆದುಕೊಂಡು ಹೋದರು. ಬಿಳಿ ಬಾರಾಬಂದಿ ತೊಟ್ಟವರು ಏಳು ನಂದಿಧ್ವಜ ಹೊತ್ತು ಬರುತ್ತಿದ್ದರು. ಸಮ್ಮತಿ ಕಟ್ಟೆಯ ಹತ್ತಿರ ದೇವರ ಮದುವೆಯ ಅಕ್ಷತೆ ಬೀಳುವಾಗ ಅಮ್ಮಮ್ಮ ತಮ್ಮ ಮುಷ್ಟಿಯ ಅರ್ಧ ಅಕ್ಕಿಯನ್ನು ನನ್ನ ಕೈಗೆ ಹಾಕಿದರು. ಇಬ್ಬರೂ ಒಟ್ಟಿಗೆ ಎರಚಿದೆವು.

ಫಲಿತಾಂಶ ಬಂದ ಸಂಜೆ ಅವ್ವನಿಗೆ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಉಂಡ್ಯಾ?" ಅಂದಳು. ಉಂಡಿದ್ದೆ. ಏನೇನು ಉಂಡೆ ಅಂತ ಒಂದೊಂದಾಗಿ ಹೇಳಿದೆ.

ಹೊಲದಲ್ಲಿ ಜೋಳ ಹಾಲು ತುಂಬಿ ನಿಂತಿದೆ, ಸೀತನಿ, ಅಂದರೆ ಎಳೆ ತೆನೆ, ಸುಡುವ ಹೊತ್ತು ಮೀರುತ್ತಿದೆ, ಆ ತೆಲುಗಿನ ಅಕ್ಕನನ್ನು ಕರೆದುಕೊಂಡು ಬಾ ಅಂತ ಆಯಿ ಮೂರು ಸಲ ಹೇಳಿ ಕಳಿಸಿದ್ದಾಳೆ. ಈ ಭಾನುವಾರ ಮಂಗಳವೇಢೆ ಬಸ್ಸಿಗೆ ಹೋಗುತ್ತೇವೆ. ತೊಳೆದು ಘಡಿ ಮಾಡಿದ ಚಾದರವನ್ನು ಮರಳಿ ಕೊಡಲು ಹೋದರೆ ಅಮ್ಮಮ್ಮ ತೆಗೆದುಕೊಳ್ಳಲಿಲ್ಲ. ಹೊಲದಲ್ಲಿ ಬೆಳಿಗ್ಗೆ ಚಳಿ ಇರುತ್ತದೆ, ಬ್ಯಾಗಿಗೆ ಹಾಕಿಕೋ ಅಂದರು. ಬೀಡಿಯ ಮೊರವನ್ನು ಶನಿವಾರ ರಾತ್ರಿಯೇ ಗೋಡೆಗೆ ನೇತು ಹಾಕಿಬಿಡುತ್ತಾರಂತೆ.